ಕಾವಲಿಲ್ಲದ ಬಾಗಿಲು

ಊರ್ಡಿಗೆರೆಯ ನಮ್ಮ ಹಿರಿಯರಿಗೆ ಬ್ಯಾಂಕಿನ ಭದ್ರತೆಯೆಂದರೆ ಕಬ್ಬಿಣದ ತಿಜೋರಿ, ಬಾಗಿಲಲ್ಲೊಬ್ಬ ಕೋವಿಧಾರಿ. ಬಾಂಗ್ಲಾದೇಶದ ಕೇಂದ್ರ ಬ್ಯಾಂಕೂ ಹಾಗೆಯೇ ಎಣಿಸಿತ್ತೇನೋ! 2015ರ ಆರಂಭದಲ್ಲಿ ಅಲ್ಲಿ ರಾಜಕೀಯ ಕಲಹ, ರಸ್ತೆತಡೆ, ಪೆಟ್ರೋಲ್ ಬಾಂಬು. ಭಯವೆಲ್ಲ ಬೀದಿಯ ಕಡೆಗೆ. 2016ರ ಫೆಬ್ರವರಿಯಲ್ಲಿ ಕಳ್ಳರು ಬಂದದ್ದು ಮಾತ್ರ ಗಣಕಯಂತ್ರದೊಳಗಿನಿಂದ. ಸುಳ್ಳು ಸ್ವಿಫ್ಟ್ ಸಂದೇಶ ಕಳುಹಿಸಿ, ನ್ಯೂಯಾರ್ಕಿನಲ್ಲಿದ್ದ ಅದರ ಖಾತೆಯಿಂದ 8 ಕೋಟಿ 10 ಲಕ್ಷ ಡಾಲರನ್ನು ಮನಿಲಾಕ್ಕೆ ಸಾಗಿಸಿದರು. ಬಹುಪಾಲು ಸಿದ್ಧ ಉಡುಪಿನ ಕಾರ್ಖಾನೆಗಳ ಹೆಂಗಸರೂ ಪರದೇಶದ ಕೂಲಿಗಳೂ ದುಡಿದು ತಂದ ವಿದೇಶಿ ವಿನಿಮಯವದು. ಶ್ರೀಲಂಕೆಗೆ ಹೊರಟಿದ್ದ ಇನ್ನೂ 2 ಕೋಟಿ ಡಾಲರು ತಡೆದು ನಿಂತದ್ದು ‘ಫೌಂಡೇಶನ್’ ಪದದ ಕಾಗುಣಿತ ತಪ್ಪಿದ್ದರಿಂದ. (ನಮ್ಮ ಅಧ್ಯಾಪಕರಿಗೆ ಇದು ಸಂತೋಷ ತರಬಹುದು!)

ಬಡದೇಶ, ಹಣವಿರಲಿಲ್ಲವೆಂದು ಗೆಳೆಯರು ಕನಿಕರಿಸುತ್ತಾರೆ. ನಾನು ಒಪ್ಪೆ. ಅಲ್ಲಿನ ತನಿಖಾಧಿಕಾರಿ ಹೇಳಿದಂತೆ ಫೈರ್‌ವಾಲೇ ಇರಲಿಲ್ಲ. ಜಾಲಕ್ಕೆ ಹಾಕಿದ್ದು 10 ಡಾಲರಿನ ಹಳೆಯ ಸ್ವಿಚ್ಚು. ಕೋಟಿಗಟ್ಟಲೆ ಡಾಲರು ಕಾಯುವವರಿಗೆ ಇಷ್ಟಕ್ಕೂ ದುಡ್ಡಿರಲಿಲ್ಲವೇ?