ಹಣ ಹೋದರೆ ಯಾರ ತಲೆಗೆ?

ಜರ್ಮನಿಯಲ್ಲಿ ಆನ್‌ಲೈನ್‌ನಲ್ಲಿ ಬೂಟು ತರಿಸುವವರು ಮೊದಲೇ ದುಡ್ಡು ಕೊಡಬೇಕೆಂದಿಲ್ಲ. ಪೆಟ್ಟಿಗೆ ಮನೆಗೆ ಬರುತ್ತದೆ, ಜೊತೆಗೊಂದು ಬಿಲ್ಲು. ಹಾಕಿ ನೋಡುತ್ತಾರೆ, ಹಿಡಿಸದ್ದನ್ನು ವಾಪಸ್ ಕಳಿಸುತ್ತಾರೆ, ಇಟ್ಟುಕೊಂಡದ್ದರ ಹಣವನ್ನು ಆಮೇಲೆ ಬ್ಯಾಂಕಿನಿಂದ ಕಟ್ಟುತ್ತಾರೆ. ಕ್ಯಾಟಲಾಗ್ ನೋಡಿ ಅಂಚೆಯಲ್ಲಿ ಬಟ್ಟೆ ತರಿಸುತ್ತಿದ್ದ ಕಾಲದಿಂದ ಬಂದ ರೂಢಿ ಅದು. ಖಾತೆಯಿಂದ ತಾನಾಗಿ ಕಡಿತವಾದ ಹಣವನ್ನು ಎಂಟು ವಾರದೊಳಗೆ, ಕಾರಣವನ್ನೇ ಕೊಡದೆ, ಹಿಂದಕ್ಕೆ ಕರೆಸಿಕೊಳ್ಳುವ ಹಕ್ಕೂ ಅವರಿಗಿದೆ. ಕಾಣದ ಅಂಗಡಿಗೆ ಮುಂಗಡ ಕೊಟ್ಟು ಕೆಟ್ಟೆವಲ್ಲ ಎಂಬ ಅಳುಕು ನಮಗೂ ಇತ್ತು. 2010ರಲ್ಲಿ ಫ್ಲಿಪ್‌ಕಾರ್ಟ್ ‘ಕ್ಯಾಶ್ ಆನ್ ಡೆಲಿವರಿ’ ತಂದಾಗ ಜನ ಮುಗಿಬಿದ್ದದ್ದು ಅದಕ್ಕೇ.

ಒಂದೊಂದು ದೇಶ ಒಂದೊಂದು ರೀತಿಯಲ್ಲಿ ಹಣ ಪಾವತಿಸುವುದನ್ನು ನೋಡುವಾಗ ನನಗೆ ಮುಖ್ಯವಾಗಿ ಕಾಣುವ ಪ್ರಶ್ನೆ ಒಂದೇ: ಹಣ ಕಳ್ಳನ ಪಾಲಾದರೆ ನಷ್ಟ ಯಾರದು?

ಅಮೆರಿಕದ ಹೋಟೆಲುಗಳಲ್ಲಿ ಊಟವಾದ ಮೇಲೆ ವೇಟರ್ ಕಾರ್ಡನ್ನು ಕಣ್ಮರೆಗೆ ಒಯ್ಯುವುದು ಇಂದಿಗೂ ಇದೆ. ಆನ್‌ಲೈನ್‌ನಲ್ಲಿ ಕಾರ್ಡಿನ ನಂಬರು, ಅವಧಿ, ಹಿಂಬದಿಯ ಮೂರಂಕಿ ಕೊಟ್ಟರೆ ಸಾಕು. ಒಟಿಪಿ ಕೇಳುವುದು ಅಪರೂಪ. ಮಗನ ಮನೆಗೆಂದು ಇಲ್ಲಿಂದ ಹೋದ ತಂದೆತಾಯಿ ಇದನ್ನು ಕಂಡು ಗಾಬರಿಯಾಗುತ್ತಾರೆ. ಮಗನಿಗೆ ಗಾಬರಿಯಿಲ್ಲ, ಏಕೆಂದರೆ ಕಾನೂನು ಅವನ ಬೆನ್ನಿಗಿದೆ. ಯಾರೋ ಕದ್ದು ಬಳಸಿದ ಕ್ರೆಡಿಟ್ ಕಾರ್ಡಿನ ನಷ್ಟದಲ್ಲಿ ಗ್ರಾಹಕ ಹೊರಬೇಕಾದ್ದು ಹೆಚ್ಚೆಂದರೆ 50 ಡಾಲರ್ ಎಂದು ಅಲ್ಲಿ 1970ರಲ್ಲೇ ಗೊತ್ತುಪಡಿಸಿದರು. ಮಿಕ್ಕದ್ದು ಬ್ಯಾಂಕಿನ ಅಥವಾ ಅಂಗಡಿಯ ಪಾಲು. ಕಳೆದುಕೊಳ್ಳುವುದು ತಾನೇ ಎಂದಾದಾಗ ಬ್ಯಾಂಕು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತದೆ.

ನಮ್ಮ ರಿಸರ್ವ್ ಬ್ಯಾಂಕ್ ಹಿಡಿದ ದಾರಿ ಬೇರೆ. 2009ರ ಆಗಸ್ಟ್‌ನಿಂದ ಆನ್‌ಲೈನ್ ಕಾರ್ಡ್ ಪಾವತಿಗೆ ಎರಡನೇ ದೃಢೀಕರಣ ಕಡ್ಡಾಯವಾಯಿತು. ಅದು ಒಳ್ಳೆಯ ನಿರ್ಧಾರ. ಬರೀ ಕಾರ್ಡಿನ ನಂಬರು ಕದ್ದವನಿಗೆ ಅದರಿಂದ ಬಾಗಿಲು ಮುಚ್ಚಿತು. ಕಳ್ಳ ಸುಮ್ಮನಿರಲಿಲ್ಲ, ಕಾರ್ಡನ್ನು ಬಿಟ್ಟು ಮನುಷ್ಯನನ್ನೇ ಹಿಡಿದ. ಹೆದರಿಸಿಯೋ ಆಸೆ ತೋರಿಸಿಯೋ ಗ್ರಾಹಕರ ಕೈಯಿಂದಲೇ ಪಿನ್ ಒತ್ತಿಸತೊಡಗಿದ. 2016ರಲ್ಲಿ ಬಂದ ಯುಪಿಐಯಲ್ಲಿ ಹಣ ಕ್ಷಣದಲ್ಲಿ ಹೋಗುತ್ತದೆ, ಹೋದದ್ದು ಸುಲಭಕ್ಕೆ ಮರಳುವುದಿಲ್ಲ.

2017ರ ರಿಸರ್ವ್ ಬ್ಯಾಂಕ್ ಸುತ್ತೋಲೆ ಗ್ರಾಹಕರಿಗೆ ರಕ್ಷಣೆ ಕೊಟ್ಟಿತು. ಬ್ಯಾಂಕಿನದೂ ತಮ್ಮದೂ ತಪ್ಪಿಲ್ಲದೆ ಹಣ ಹೋಗಿ, ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಅವರ ಮೇಲೆ ಹೊಣೆಯಿಲ್ಲ. ಆದರೆ ಪಿನ್ನು, ಒಟಿಪಿಯನ್ನು ತಾವೇ ಕೊಟ್ಟಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟವೆಲ್ಲ ಅವರದೇ. ‘ಡಿಜಿಟಲ್ ಅರೆಸ್ಟ್’ ಎಂದು ಪೊಲೀಸ್ ಸಮವಸ್ತ್ರದಲ್ಲಿ ವಿಡಿಯೊ ಕರೆ ಮಾಡಿ ನಿವೃತ್ತ ಮೇಷ್ಟ್ರೊಬ್ಬರನ್ನು ದಿನಗಟ್ಟಲೆ ಕೋಣೆಯಲ್ಲಿ ಕೂರಿಸಿ ಹಣ ಕೀಳುವವರಿಗೆ ಈ ಸಾಲು ವರವಾಗಿದೆ. ಮೇಷ್ಟ್ರು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಸೈಬರ್ ಅಪರಾಧಗಳ ‘ಸೆನ್’ ಠಾಣೆಗೆ ಹೋಗಿ ದೂರು ಬರೆಸುವಷ್ಟರಲ್ಲಿ ಹಣ ನಾಲ್ಕಾರು ಖಾತೆ ದಾಟಿರುತ್ತದೆ.

ಆ ಖಾತೆಗಳ ಬಗ್ಗೆ ನಾವು ಸಾಕಷ್ಟು ಮಾತಾಡುತ್ತಿಲ್ಲ. ಕೂಲಿಕಾರರ, ವಿದ್ಯಾರ್ಥಿಗಳ ಹೆಸರಲ್ಲಿ ತೆರೆದು, ಅವರಿಗಿಷ್ಟು ಎಂದು ಕೊಟ್ಟು ವಂಚಕರು ಬಳಸುವ ಬಾಡಿಗೆ ಖಾತೆಗಳವು. ಒಂದೊಂದಕ್ಕೂ ಯಾವುದೋ ಬ್ಯಾಂಕು ಆಧಾರ್, ಪ್ಯಾನ್ ನೋಡಿ ಕೆವೈಸಿ ಮಾಡಿದೆ. ನೂರಿನ್ನೂರು ರೂಪಾಯಿ ಇದ್ದ ಖಾತೆಗೆ ಏಕಾಏಕಿ ಲಕ್ಷಗಳು ಬಂದು ನಿಮಿಷಗಳಲ್ಲಿ ಖಾಲಿಯಾದರೆ ಅದು ಆ ಬ್ಯಾಂಕಿನ ಕಂಪ್ಯೂಟರಿಗೆ ಕಾಣದ ಸಂಗತಿಯಲ್ಲ. ಕಂಡೂ ತಡೆಯದಿದ್ದರೆ ಮೇಷ್ಟ್ರ ಹಣಕ್ಕೆ ಅದು ಏಕೆ ಉತ್ತರ ಕೊಡಬಾರದು?

ಬ್ರಿಟನ್ ಈ ಪ್ರಶ್ನೆಗೆ ನಿಯಮವನ್ನೇ ಮಾಡಿದೆ. 2024ರ ಅಕ್ಟೋಬರ್ 7ರಿಂದ, ಮೋಸದ ಮಾತು ನಂಬಿ ದೇಶದೊಳಗೆ ತಾವೇ ಹಣ ಕಳಿಸಿದವರಿಗೂ 85,000 ಪೌಂಡ್‌ವರೆಗೆ ಮರಳಿಸಬೇಕು. ಕಳಿಸಿದ ಬ್ಯಾಂಕು ಅರ್ಧ, ಪಡೆದ ಬ್ಯಾಂಕು ಅರ್ಧ. ನಮ್ಮ ಯುಪಿಐಯಂತೆಯೇ 2020ರಲ್ಲಿ ‘ಪಿಕ್ಸ್’ ತಂದ ಬ್ರೆಜಿಲ್‌ನ ಕೇಂದ್ರ ಬ್ಯಾಂಕು ಮರುವರ್ಷವೇ, ವಂಚಕನ ಖಾತೆಯಲ್ಲಿ ಸಿಕ್ಕಿದ್ದನ್ನು ತಡೆದು ಹಿಂದಿರುಗಿಸುವ ವ್ಯವಸ್ಥೆ ಮಾಡಿತು. ಅಮೆರಿಕಕ್ಕೂ ಈ ರೋಗ ತಪ್ಪಿಲ್ಲ: ಕಾರ್ಡಿಗೆ ಅಷ್ಟು ಕಾವಲಿಟ್ಟ ದೇಶದಲ್ಲಿ, ಹಣ ಕಳಿಸುವ ‘ಝೆಲ್’ ಸೇವೆಯ ಮೂಲಕ ತಾವೇ ಕಳಿಸಿ ಮೋಸ ಹೋದವರಿಗೆ ಆ ಹಳೆಯ ಕಾನೂನು ನೆರವಾಗುವುದಿಲ್ಲ.

ಹಣ ಮರಳುವುದೆಂದು ಗೊತ್ತಾದರೆ ಜನ ಮೈಮರೆಯುತ್ತಾರೆ ಎಂಬ ಆಕ್ಷೇಪವಿದೆ. ಬ್ರಿಟನ್ ಅದಕ್ಕೂ ಜಾಗ ಬಿಟ್ಟಿದೆ. ತೀರಾ ಬೇಜವಾಬ್ದಾರಿ ತೋರಿದವರಿಗೆ ಪರಿಹಾರವಿಲ್ಲ, 100 ಪೌಂಡ್‌ವರೆಗೆ ಬ್ಯಾಂಕು ಹಿಡಿದುಕೊಳ್ಳಬಹುದು. ಆದರೆ ವಂಚನೆಗೆ ಸುಲಭವಾಗಿ ಸಿಲುಕುವ ಸ್ಥಿತಿಯಲ್ಲಿದ್ದ ಅಸಹಾಯಕರಿಗೆ ಎರಡೂ ಅನ್ವಯಿಸವು. ಇನ್ನೊಂದು ಆಕ್ಷೇಪ ಖರ್ಚಿನದು: 2020ರ ಜನವರಿಯಿಂದ ಯುಪಿಐ ವ್ಯವಹಾರಕ್ಕೆ ವ್ಯಾಪಾರಿಗಳಿಂದ ಶುಲ್ಕವಿಲ್ಲ, ನಮಗೆ ಆದಾಯವೆಲ್ಲಿ ಎಂದು ನಮ್ಮ ಬ್ಯಾಂಕುಗಳು ಕೇಳುತ್ತವೆ. ಕೇಳುವುದರಲ್ಲಿ ನ್ಯಾಯವಿದೆ. ಅದನ್ನು ಸರ್ಕಾರದೊಂದಿಗೆ ಬಗೆಹರಿಸಿಕೊಳ್ಳಲಿ, ಮೇಷ್ಟ್ರ ಪಿಂಚಣಿಯಿಂದ ಬೇಡ.

ಬ್ರಿಟನ್ನಿನ ನಿಯಮವನ್ನು ಇಡಿಯಾಗಿ ತರುವುದು ಕಷ್ಟವಿರಬಹುದು. ಮೊದಲಿಗೆ, ಹಣ ಪಡೆದ ಖಾತೆ ಬಾಡಿಗೆಯದೆಂದು ಸಾಬೀತಾದಾಗಲಾದರೂ ಅದನ್ನು ತೆರೆದುಕೊಟ್ಟ ಬ್ಯಾಂಕಿನಿಂದ ಅರ್ಧ ವಸೂಲಾಗಲಿ. ಹೊಸ ಖಾತೆಗೆ ಅರ್ಜಿ ಹಿಡಿದು ಬಂದವನನ್ನು, ಹಿಂದೆ ನಿಂತು ಫಾರಂ ತುಂಬಿಸುತ್ತಿರುವವನು ಯಾರೆಂದು ಶಾಖೆಯ ಮ್ಯಾನೇಜರರೇ ಆಗ ವಿಚಾರಿಸುತ್ತಾರೆ.