ಕಾದವರಿಗೆ ಸಿಗುವುದೇನು?

ನೌಕರರ ಪಿಂಚಣಿ ಯೋಜನೆಯಲ್ಲಿ (ಇಪಿಎಸ್–95) ಪೂರ್ಣ ಪಿಂಚಣಿಯ ವಯಸ್ಸು 58. ಹತ್ತು ವರ್ಷ ಸೇವೆ ಸಲ್ಲಿಸಿ ಕೆಲಸ ಬಿಟ್ಟವರು 50 ದಾಟಿದ ಮೇಲೆ ಪಿಂಚಣಿ ಕೇಳಬಹುದು. ಆದರೆ ಮುಂಚಿತವಾದ ಪ್ರತಿ ವರ್ಷಕ್ಕೂ ಶೇ 4ರಷ್ಟು ಕಡಿತ, ಅದೂ ಜೀವನಪರ್ಯಂತ. 60ರವರೆಗೆ ಕಾದರೆ ವರ್ಷಕ್ಕೆ ಶೇ 4ರಷ್ಟು ಹೆಚ್ಚಳ.

ಲೆಕ್ಕ ಹಾಕಿ ನೋಡಿ. 58ಕ್ಕೆ ತಿಂಗಳಿಗೆ ₹4,500 ಬರಬೇಕಾದವರು ಒಂದು ವರ್ಷ ಕಾದರೆ ₹4,680 ಸಿಗುತ್ತದೆ. ಬಿಟ್ಟುಕೊಟ್ಟ ₹54,000 ಮರಳಿ ಕೈಸೇರಲು ತಿಂಗಳಿಗೆ ₹180ರಂತೆ 25 ವರ್ಷ ಬೇಕು. ಅಷ್ಟರಲ್ಲಿ ವಯಸ್ಸು 84! ತುಟ್ಟಿಭತ್ಯೆಯೂ ಇಲ್ಲದ ಪಿಂಚಣಿಗೆ ಈ ಹೆಚ್ಚಳ ಮೂಗಿಗೆ ತುಪ್ಪ ಸವರಿದಂತೆ.

ಕಾಯಿಸುವುದಾದರೆ ಕಾದದ್ದಕ್ಕೆ ತಕ್ಕ ಬೆಲೆಯನ್ನು ಸರ್ಕಾರ ಕೊಡಲಿ. ಅಲ್ಲಿಯವರೆಗೆ ಆರೋಗ್ಯ, ಸಾಲ, ಕೈಯಲ್ಲಿರುವ ದುಡಿಮೆಯನ್ನು ತೂಗಿ ನೋಡಿಯೇ ಪಿಂಚಣಿಯ 10–ಡಿ ಅರ್ಜಿ ಹಾಕುವುದು ಜಾಣತನ.