ಬ್ಲಾಕ್ ಕಟ್ಟುವುದು ಸುಲಭವಾಯಿತು, ಹಳೆಯ ವರದಿ ಉಳಿಯುವುದೇ?

ಭಂಕೂರ: ಪದರುಪದರಾಗಿ ಎಬ್ಬಿಸಿದ ಶಹಾಬಾದ್ ಕಲ್ಲನ್ನು ಅಳತೆಗೆ ಕೊಯ್ದು, ಒಂದರ ಪಕ್ಕ ಒಂದರಂತೆ ಹಾಸಿ ನೆಲ ಮಾಡುವುದು ಈ ಸೀಮೆಯ ಜನರಿಗೆ ಹೊಸದಲ್ಲ. ಜಾಲತಾಣದ ಪುಟ ಕಟ್ಟುವ ರೀತಿಯೂ ಈಗ ಸರಿಸುಮಾರು ಇದೇ ಆಗಿದೆ. ಜಗತ್ತಿನ ಜಾಲತಾಣಗಳಲ್ಲಿ ಪ್ರತಿಶತ 40ಕ್ಕೂ ಹೆಚ್ಚು ಬಳಸುತ್ತಿರುವ ವರ್ಡ್‌ಪ್ರೆಸ್ ತಂತ್ರಾಂಶವು 2018ರ ಡಿಸೆಂಬರ್‌ನಲ್ಲಿ ಹೊರಬಂದ ತನ್ನ 5.0 ಆವೃತ್ತಿಯಲ್ಲಿ 'ಬ್ಲಾಕ್' ಪದ್ಧತಿಯನ್ನು ಅಳವಡಿಸಿಕೊಂಡಿತು. ಪ್ಯಾರಾ ಒಂದು ಬ್ಲಾಕ್, ಚಿತ್ರ ಒಂದು ಬ್ಲಾಕ್, ಕೋಷ್ಟಕ ಇನ್ನೊಂದು ಬ್ಲಾಕ್. ಇವನ್ನು ಜೋಡಿಸಿದರೆ ಪುಟ ಸಿದ್ಧ.

ಆದರೆ ಸಿದ್ಧ ಬ್ಲಾಕುಗಳಲ್ಲಿ ನಮಗೆ ಬೇಕಾದದ್ದು ಇಲ್ಲದಿದ್ದಾಗ ತೊಡಕು ಎದುರಾಗುತ್ತಿತ್ತು. ಹೊಸ ಬ್ಲಾಕ್ ತಯಾರಿಸಲು ಜಾವಾಸ್ಕ್ರಿಪ್ಟ್ ಮತ್ತು ಪಿಎಚ್‌ಪಿ ಬಲ್ಲವರೇ ಬೇಕಿತ್ತು. ಈ ಹೊರೆಯನ್ನು ಇಳಿಸಲು ವರ್ಡ್‌ಪ್ರೆಸ್ ಬಳಗವೇ 'ಕ್ರಿಯೇಟ್ ಬ್ಲಾಕ್' ಎಂಬ ಸಾಧನವನ್ನು ಒದಗಿಸಿತು. ಒಂದೇ ಸಾಲಿನ ಆದೇಶ ಕೊಟ್ಟರೆ ಬ್ಲಾಕಿಗೆ ಬೇಕಾದ ಕಡತಗಳ ಚೌಕಟ್ಟನ್ನು ಅದು ತಾನೇ ಬರೆದುಕೊಡುತ್ತದೆ. 2025ರ ಆಗಸ್ಟ್‌ನಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್ ನಗರದಲ್ಲಿ ನಡೆದ ಸಮಾವೇಶದಲ್ಲಿ ವರ್ಡ್‌ಪ್ರೆಸ್ ಸಹಸ್ಥಾಪಕ ಮ್ಯಾಟ್ ಮುಲ್ಲೆನ್‌ವೆಗ್ ಇನ್ನೂ ಒಂದು ಹೆಜ್ಜೆ ಮುಂದಿನದನ್ನು ತೋರಿಸಿದರು. 'ಟೆಲೆಕ್ಸ್' ಎಂಬ ಆ ಪ್ರಾಯೋಗಿಕ ಸಾಧನಕ್ಕೆ ಬೇಕಾದುದನ್ನು ಮಾತಿನಲ್ಲಿ ವಿವರಿಸಿದರೆ ಸಾಕು, ಕೃತಕ ಬುದ್ಧಿಮತ್ತೆಯು ಇಡೀ ಬ್ಲಾಕನ್ನು ಬರೆದು ಜಿಪ್ ಕಡತವಾಗಿ ಕೈಗಿಡುತ್ತದೆ. (ಸುದ್ದಿಮನೆಗಳ ಟೆಲೆಕ್ಸ್ ಯಂತ್ರವನ್ನು ಕಂಡ ಹಿರಿಯರಿಗೆ ಈ ಹೆಸರು ನಗು ತರಿಸೀತು.)

ತೊಗರಿಯ ಸೀಮೆಯಲ್ಲಿ ನಡೆಯುವ ಸಣ್ಣ ಸುದ್ದಿತಾಣವೊಂದರ ಸ್ಥಿತಿಯನ್ನು ಊಹಿಸಿ ನೋಡಿ. ಸೇಡಂ, ಚಿತ್ತಾಪುರ ಭಾಗದ ರೈತನಿಗೆ ಬೇಕಾದುದು ಆ ದಿನದ ಆವಕವೆಷ್ಟು, ಕ್ವಿಂಟಲ್‌ಗೆ ಕನಿಷ್ಠ ಮತ್ತು ಗರಿಷ್ಠ ದರವೆಷ್ಟು ಎಂಬ ನಾಲ್ಕು ಅಂಕಿಗಳು. ಅದಕ್ಕಾಗಿ ದರಪಟ್ಟಿಯ ಬ್ಲಾಕೊಂದನ್ನು ಮಾಡಿಸಲು ಬೆಂಗಳೂರಿನ ಸಂಸ್ಥೆಗೆ ಹಣ ತೆರುವ ಶಕ್ತಿ ಇಂತಹ ತಾಣಗಳಿಗೆ ಇಲ್ಲ. ಈಗ ಉಪಸಂಪಾದಕರೇ ಅದನ್ನು ಸಂಜೆಯೊಳಗೆ ಮಾಡಿಕೊಳ್ಳಬಹುದು. ಇದು ಸಣ್ಣ ಲಾಭವೇನಲ್ಲ.

ಆದರೆ ಹೀಗೆ ಕಟ್ಟಿದ ಬ್ಲಾಕು ತನ್ನೊಳಗಿನ ಮಾಹಿತಿಯನ್ನು ಎಲ್ಲಿ ಇಡುತ್ತದೆ ಎಂಬುದನ್ನು ಕೇಳುವವರು ವಿರಳ. ಬ್ಲಾಕುಗಳಲ್ಲಿ ಎರಡು ಬಗೆ. ಸ್ಥಿರ ಬ್ಲಾಕು ವರದಿಯನ್ನು ಉಳಿಸುವಾಗಲೇ ಅಂಕಿಗಳನ್ನು ಬರಹದೊಳಗೆ ಅಚ್ಚೊತ್ತಿಬಿಡುತ್ತದೆ. ಮುಂದೆ ಆ ತಂತ್ರಾಂಶವನ್ನು ಕಿತ್ತು ಹಾಕಿದರೂ, ಅಂದಚೆಂದ ಹೋದೀತೇ ಹೊರತು ಅಂಕಿ ಉಳಿಯುತ್ತದೆ. ಚಲನಶೀಲ ಬ್ಲಾಕು ಹಾಗಲ್ಲ. ಓದುಗ ಪುಟ ತೆರೆದಾಗಲೆಲ್ಲ ಅದು ಸರ್ವರ್‌ನಲ್ಲಿ ಹೊಸದಾಗಿ ತಯಾರಾಗುತ್ತದೆ. ತಂತ್ರಾಂಶ ತೆಗೆದರೆ ಆ ಜಾಗ ಖಾಲಿ. ಅದಕ್ಕಿಂತ ಗಂಭೀರವಾದ ಅಪಾಯವೂ ಇದೆ. 'ಇತ್ತೀಚಿನ ದರ ತೋರಿಸು' ಎಂದು ಬರೆಸಿದ ಬ್ಲಾಕನ್ನು ಎರಡು ವರ್ಷದ ಹಿಂದಿನ ದರ ಕುಸಿತದ ವರದಿಯೊಳಗೆ ಇಟ್ಟಿದ್ದರೆ, ಕುಸಿತದ ತಲೆಬರಹದ ಕೆಳಗೆ ಇಂದಿನ ದರ ಕಾಣುತ್ತದೆ. ವರದಿಗಾರ ಸುಳ್ಳು ಬರೆಯದಿದ್ದರೂ ವರದಿ ಸುಳ್ಳಾಗುತ್ತದೆ.

ಸ್ಥಿರ ಬ್ಲಾಕಿಗೂ ತನ್ನದೇ ಆದ ತೊಂದರೆ ಉಂಟು. ಬ್ಲಾಕು ಬರಹವನ್ನು ಉಳಿಸುವ ಮಾದರಿಯನ್ನು ಆಮೇಲೆ ಬದಲಿಸಿದರೆ, ಹಳೆಯ ವರದಿಗಳನ್ನು ಸಂಪಾದನೆಗೆ ತೆರೆದಾಗ 'ಅನಿರೀಕ್ಷಿತ ಅಥವಾ ಅಸಿಂಧು ಅಂಶವಿದೆ' ಎಂಬ ಎಚ್ಚರಿಕೆ ಬರುತ್ತದೆ. ಅವಸರದಲ್ಲಿ ಸರಿಪಡಿಸುವ ಗುಂಡಿ ಒತ್ತಿದರೆ ಹೊಸ ಮಾದರಿಗೆ ಹೊಂದದ ಭಾಗ ಅಳಿಸಿಹೋಗಬಹುದು. ಹಳೆಯ ಮಾದರಿಯನ್ನೂ ಬ್ಲಾಕಿನೊಳಗೆ ದಾಖಲಿಸಿ ಇಡುವ ವ್ಯವಸ್ಥೆ ವರ್ಡ್‌ಪ್ರೆಸ್‌ನಲ್ಲಿ ಇದೆ. ಅನುಭವಿ ತಂತ್ರಜ್ಞರು ಅದನ್ನು ಮರೆಯುವುದಿಲ್ಲ. 'ಅಂಚಿನ ಬಣ್ಣ ಬದಲಿಸು' ಎಂದು ಯಂತ್ರಕ್ಕೆ ಹೇಳಿ ಹೊಸ ಜಿಪ್ ಪಡೆಯುವವರಿಗೆ ಇದರ ಅರಿವೇ ಇರುವುದಿಲ್ಲ.

ಈ ಭಯ ಕಾಲ್ಪನಿಕವೆಂದು ತಳ್ಳಿಹಾಕುವಂತಿಲ್ಲ. ಕನ್ನಡದ ಅಂತರ್ಜಾಲ ಒಮ್ಮೆ ಇದೇ ಪೆಟ್ಟನ್ನು ತಿಂದಿದೆ. 2000ದ ದಶಕದ ಆರಂಭದಲ್ಲಿ ಅನೇಕ ಕನ್ನಡ ಪತ್ರಿಕೆಗಳು ಯುನಿಕೋಡ್ ಅಲ್ಲದ ಫಾಂಟುಗಳಲ್ಲಿ ಪುಟ ಏರಿಸಿದವು. ಇಂಟರ್‌ನೆಟ್ ಎಕ್ಸ್‌ಪ್ಲೋರರ್‌ನಲ್ಲಿ ಮಾತ್ರ ತಾನಾಗಿ ಇಳಿಯುವ ಫಾಂಟುಗಳನ್ನು ನೆಚ್ಚಿಕೊಂಡವರೂ ಇದ್ದರು. ಅಂದಿಗೆ ಅದು ಸುಲಭದ ದಾರಿ. ಫಾಂಟ್ ಹೋದ ಮೇಲೆ ಉಳಿದದ್ದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ನಮ್ಮ ದಿನಪತ್ರಿಕೆಯ ಆ ವರ್ಷಗಳ ಎಷ್ಟೋ ವರದಿಗಳನ್ನು ಇಂದು ಮುದ್ರಿತ ಕಟ್ಟುಗಳಲ್ಲಿ ಹುಡುಕಬೇಕೇ ವಿನಾ ತಾಣದಲ್ಲಿ ಸಿಗುವುದಿಲ್ಲ. ಮುದ್ರಣ ನಿಂತು ತಾಣವೊಂದೇ ಉಳಿದಿರುವ ಈಗಿನ ದಿನಗಳಲ್ಲಿ ಹಾಗೆ ಹುಡುಕಲು ಹೊಸ ಕಟ್ಟುಗಳೂ ಇರುವುದಿಲ್ಲ.

ಯಾರೂ ಓದಿ ನೋಡದ ಸಂಕೇತ ಸರ್ವರ್‌ನಲ್ಲಿ ಓಡುವುದರಿಂದ ಸುರಕ್ಷತೆಯ ಪ್ರಶ್ನೆಯೂ ಇದೆ, ಅದು ಎಲ್ಲ ತಾಣಗಳಿಗೂ ಸಮಾನ. ದಾಖಲೆಯ ಪ್ರಶ್ನೆ ಮಾತ್ರ ಸುದ್ದಿತಾಣಗಳಿಗೆ ವಿಶೇಷವಾಗಿ ಸಂಬಂಧಿಸಿದ್ದು. ಪರಿಹಾರ ದುಬಾರಿಯದ್ದೇನೂ ಅಲ್ಲ. 'ಕ್ರಿಯೇಟ್ ಬ್ಲಾಕ್' ಸಾಧನವು ಬೇರೆ ಸೂಚನೆ ಇಲ್ಲದಿದ್ದರೆ ಸ್ಥಿರ ಬ್ಲಾಕನ್ನೇ ಕೊಡುತ್ತದೆ. ದರಪಟ್ಟಿ, ಚುನಾವಣಾ ಫಲಿತಾಂಶ, ಮಳೆಯ ಪ್ರಮಾಣ ಇವುಗಳಿಗೆ ಅದೇ ತಕ್ಕದ್ದು. ಮುಖಪುಟದಲ್ಲಿ ದಿನವೂ ಬದಲಾಗುವ ಪಟ್ಟಿಗೆ ಚಲನಶೀಲ ಬ್ಲಾಕು ಇರಲಿ. ಯಂತ್ರ ಪ್ರತಿಬಾರಿ ಹೊಸ ಜಿಪ್ ಕೊಟ್ಟಾಗಲೂ ಅದನ್ನು ಮೊದಲು ತಾಣದ ನಕಲು ಪ್ರತಿಯಲ್ಲಿ ಅಳವಡಿಸಿ, ಹಳೆಯ ಐದಾರು ವರದಿಗಳನ್ನು ಸಂಪಾದನೆಗೆ ತೆರೆದು ನೋಡಬೇಕು. ಅರ್ಧ ಗಂಟೆಯ ಕೆಲಸ.